ನೆಟ್ಟಗಾದ ಕಾಮನಬಿಲ್ಲು



ಇಂದಿನ ಮಾತನ್ನು ಅಮರಕೋಶದ ಒಂದು ಪದದಿಂದ ತೊಡಗುತ್ತೇನೆ. ಇಂದ್ರಾಯುಧ, ಶಕ್ರಧನುಸ್ಸು ಎಂದು ಕಾಮನಬಿಲ್ಲಿನ ಹೆಸರುಗಳನ್ನು ಕೊಟ್ಟ ಮೇಲೆ ಕೋಶಕಾರ ಇನ್ನೊಂದು ಮಾತು ಸೇರಿಸುತ್ತಾನೆ: ಅದೇ ಬಿಲ್ಲು ಬಾಗದೆ ನೆಟ್ಟಗಿದ್ದರೆ ಅದು ರೋಹಿತ. ನಮ್ಮ ವಿಜ್ಞಾನ ಪುಸ್ತಕಗಳು ಸ್ಪೆಕ್ಟ್ರಮ್ ಎಂಬುದಕ್ಕೆ ಬಳಸುವುದು ಇದೇ ಪದವನ್ನು. ಮಕ್ಕಳು ಅದನ್ನು ಪಾರಿಭಾಷಿಕ ಪದಗಳ ಪಟ್ಟಿಯಲ್ಲಿ ಉರು ಹೊಡೆಯುತ್ತಾರೆ. ಅದರೊಳಗೆ ನೆಟ್ಟಗೆ ಮಾಡಿದ ಒಂದು ಕಾಮನಬಿಲ್ಲು ಇದೆ ಎಂದು ಹೇಳಿಕೊಡುವವರು ಕಡಿಮೆ. ಲ್ಯಾಟಿನ್ನಿನ ಸ್ಪೆಕ್ಟ್ರಮ್ ಎಂದರೆ ಸುಮ್ಮನೆ ಕಾಣಿಸಿಕೊಂಡದ್ದು. ಭೂತ, ಛಾಯೆ ಎಂಬ ಅರ್ಥವೂ ಅದಕ್ಕುಂಟು. ಪಕ್ಷಪಾತವೆಂದು ತಿಳಿಯದಿದ್ದರೆ ಹೇಳುತ್ತೇನೆ, ನಮ್ಮ ಪದವೇ ಮೇಲು. ಗಾಜಿನ ಪಟ್ಟಕದಿಂದ ಗೋಡೆಯ ಮೇಲೆ ಬೀಳುವ ಬಣ್ಣದ ಪಟ್ಟಿಗೂ ಮುಗಿಲಿನ ಬಿಲ್ಲಿಗೂ ಇರುವ ನಂಟನ್ನು ಅದು ಹೆಸರಿನಲ್ಲೇ ಹಿಡಿದಿದೆ.

ಈ ಉಪನ್ಯಾಸದ ಪ್ರಶ್ನೆ ಸರಳವಾದದ್ದು. ಬಿಳಿಯ ಬೆಳಕು ಗಾಜನ್ನು ಹೊಕ್ಕಿತು, ಬಣ್ಣಗಳು ಹೊರಬಂದವು. ಹಾಗಾದರೆ ಬಣ್ಣ ಮೊದಲು ಎಲ್ಲಿತ್ತು? ಬೆಳಕಿನಲ್ಲೋ, ಗಾಜಿನಲ್ಲೋ?

ಹದಿನೇಳನೆಯ ಶತಮಾನದ ಯುರೋಪಿನಲ್ಲಿ ಈ ಪ್ರಶ್ನೆಗೆ ಬಹುತೇಕ ಎಲ್ಲರೂ ಒಪ್ಪಿದ್ದ ಉತ್ತರವೊಂದಿತ್ತು. ಬಿಳಿ ಶುದ್ಧ, ಬಣ್ಣ ಅದರ ವಿಕಾರ. ಅರಿಸ್ಟಾಟಲನ ಕಾಲದಿಂದ ಬಂದ ನಂಬಿಕೆಯಂತೆ ಬೆಳಕಿಗೆ ಕತ್ತಲೆ ಬೆರೆತಷ್ಟೂ ಬಣ್ಣ ಗಾಢವಾಗುತ್ತದೆ. ಗಾಜಿನ ತೆಳುವಾದ ಅಂಚಿನ ಕಡೆ ಕೆಂಪು, ದಪ್ಪನೆಯ ಬುಡದ ಕಡೆ ನೀಲಿ ಮತ್ತು ನೇರಳೆ ಕಾಣುವುದರಿಂದ, ಹೆಚ್ಚು ಗಾಜು ದಾಟಿದ ಬೆಳಕು ಹೆಚ್ಚು ಮಸಕಾಗಿ ನೀಲಿಯಾಯಿತು ಎಂದು ವಿವರಿಸುವುದು ಸುಲಭವಿತ್ತು. ಈ ಉತ್ತರವನ್ನು ಇಂದು ನಾವು ನಗೆಯಾಡಬಾರದು. ನೀರಿಗೆ ಮಣ್ಣು ಬೆರೆತರೆ ಕೆಂಪಾಗುತ್ತದೆ, ಹಾಲು ಕಾದು ಕಾದು ಕೆನೆಬಣ್ಣಕ್ಕೆ ತಿರುಗುತ್ತದೆ. ಶುದ್ಧವಾದದ್ದಕ್ಕೆ ಏನೋ ತಗುಲಿದಾಗ ಬಣ್ಣ ಬರುವುದನ್ನು ದಿನವೂ ಕಾಣುವ ಜನರಿಗೆ ಬೆಳಕು ಮಾತ್ರ ಬೇರೆ ಎಂದು ಏಕೆ ತೋರಬೇಕು?

ಇನ್ನೊಂದು ಸಂಗತಿ. ಪಟ್ಟಕದ ಬಣ್ಣಗಳನ್ನು ಮೊದಲು ಕಂಡವನು ನ್ಯೂಟನ್ ಅಲ್ಲ. ಮೂರು ಮೂಲೆಯ ಗಾಜು ಸಂತೆ ಜಾತ್ರೆಗಳಲ್ಲಿ ಮಾರುತ್ತಿದ್ದ ಆಟದ ವಸ್ತು. ಡೆಕಾರ್ಟ್ 1637ರಲ್ಲೇ ಪಟ್ಟಕವನ್ನಿಟ್ಟು ಕಾಮನಬಿಲ್ಲನ್ನು ವಿವರಿಸಲು ಹೊರಟಿದ್ದ. ಅವನಿಗಿಂತ ಮುನ್ನೂರು ವರ್ಷ ಹಿಂದೆಯೇ ಜರ್ಮನಿಯ ಫ್ರೈಬರ್ಗಿನ ಥಿಯೊಡೊರಿಕ್ ಎಂಬ ಸಂನ್ಯಾಸಿ ಮತ್ತು ಪರ್ಷಿಯಾದ ಕಮಾಲುದ್ದೀನ್ ಅಲ್-ಫಾರಿಸಿ, ಒಬ್ಬರ ಸುದ್ದಿ ಒಬ್ಬರಿಗೆ ತಿಳಿಯದೆ, ನೀರು ತುಂಬಿದ ಗಾಜಿನ ಗೋಳವನ್ನು ಮಳೆಹನಿಯೆಂದು ಭಾವಿಸಿ ಬೆಳಕು ಅದರೊಳಗೆ ಸಾಗುವ ದಾರಿಯನ್ನು ಗುರುತಿಸಿದ್ದರು. ಬಣ್ಣ ಎಲ್ಲರಿಗೂ ಕಂಡಿತ್ತು. ಹಾಗಾದರೆ ನ್ಯೂಟನ್ ಕಂಡದ್ದೇನು?

ಅವನು ಕಂಡದ್ದು ಉದ್ದವನ್ನು.

1672ರ ಫೆಬ್ರವರಿಯಲ್ಲಿ ಲಂಡನ್ನಿನ ರಾಯಲ್ ಸೊಸೈಟಿಗೆ ಕಳಿಸಿದ ಪತ್ರದಲ್ಲಿ ಅವನು ತನ್ನ ಪ್ರಯೋಗವನ್ನು ಅಳತೆಗಳ ಸಮೇತ ಬರೆದಿದ್ದಾನೆ. ಕೋಣೆಯನ್ನು ಕತ್ತಲೆ ಮಾಡಿದ. ಕಿಟಕಿಯ ಬಾಗಿಲಲ್ಲಿ ಕಾಲು ಅಂಗುಲದ ದುಂಡು ತೂತು ಕೊರೆದ. ತೂತಿನ ಬಳಿ ಪಟ್ಟಕವನ್ನಿಟ್ಟ. ಬೆಳಕು ಇಪ್ಪತ್ತೆರಡು ಅಡಿ ಆಚೆಯ ಗೋಡೆಯ ಮೇಲೆ ಬಿತ್ತು. ಈ ಇಪ್ಪತ್ತೆರಡು ಅಡಿಯೇ ಮುಖ್ಯ. ಅವನಿಗಿಂತ ಹಿಂದಿನವರು ಕಾಗದವನ್ನು ಪಟ್ಟಕಕ್ಕೆ ಹತ್ತಿರ ಹಿಡಿದಿದ್ದರು. ಅಷ್ಟು ಹತ್ತಿರದಲ್ಲಿ ಕಾಣುವುದು ಅಂಚಿಗೆ ಬಣ್ಣ ಹತ್ತಿದ ಬಿಳಿಯ ಮಚ್ಚೆ ಮಾತ್ರ. ದೂರ ಸರಿದರೆ ಮಚ್ಚೆ ಚಾಚಿಕೊಳ್ಳುತ್ತದೆ.

ನೀವೇ ಲೆಕ್ಕ ಹಾಕಿ ನೋಡಬಹುದು. ಆಕಾಶದಲ್ಲಿ ಸೂರ್ಯನ ಬಿಂಬ ನಮ್ಮ ಕಣ್ಣಿಗೆ ಅರ್ಧ ಡಿಗ್ರಿಗಿಂತ ತುಸು ಹೆಚ್ಚು, ಅಂದರೆ 31 ಕಲೆಯಷ್ಟು ಅಗಲ. ಆ ಬೆಳಕು ಇಪ್ಪತ್ತೆರಡು ಅಡಿ ಸಾಗಿದರೆ ಎರಡೂಕಾಲು ಅಂಗುಲಕ್ಕಿಂತ ಸ್ವಲ್ಪ ಹೆಚ್ಚು ಹರಡುತ್ತದೆ. ಅದಕ್ಕೆ ತೂತಿನ ಕಾಲು ಅಂಗುಲ ಕೂಡಿಸಿ. ಎರಡೂವರೆ ಅಂಗುಲ ದಾಟಿ ಒಂದಿಷ್ಟು. ಗೋಡೆಯ ಮೇಲಿನ ಪಟ್ಟಿಯ ಅಗಲ ಅಳೆದಾಗ ನ್ಯೂಟನ್ನನಿಗೆ ಸಿಕ್ಕಿದ್ದು ಎರಡು ಅಂಗುಲ ಮತ್ತು ಎಂಟರಲ್ಲಿ ಐದು ಪಾಲು. ಲೆಕ್ಕ ಹೊಂದಿತು. ಆದರೆ ಉದ್ದ? ಹದಿಮೂರೂಕಾಲು ಅಂಗುಲ. ಅಗಲದ ಐದು ಪಟ್ಟು. ಆಗ ತಿಳಿದಿದ್ದ ವಕ್ರೀಭವನದ ನಿಯಮದ ಪ್ರಕಾರ, ಪಟ್ಟಕವನ್ನು ಅವನು ಇಟ್ಟಿದ್ದ ಕೋನದಲ್ಲಿ ದುಂಡನೆಯ ಸೂರ್ಯಬಿಂಬ ದುಂಡಗೇ ಬೀಳಬೇಕಿತ್ತು. ಬೀಳಲಿಲ್ಲ.

ಸಹೃದಯರೆ, ಇಲ್ಲಿ ಒಂದು ಕ್ಷಣ ನಿಲ್ಲೋಣ. ಬಣ್ಣದ ಸೊಬಗಿಗೆ ಮರುಳಾದವರೆಲ್ಲ ಬಣ್ಣದ ಬಗ್ಗೆಯೇ ಕೇಳಿದರು. ಈತ ಆಕಾರದ ಬಗ್ಗೆ ಕೇಳಿದ. ಬಣ್ಣವನ್ನು ಅಳೆಯಲು ಆಗ ಯಾರಿಗೂ ಬರುತ್ತಿರಲಿಲ್ಲ, ಅಂಗುಲವನ್ನು ಅಳೆಯಲು ಎಲ್ಲರಿಗೂ ಬರುತ್ತಿತ್ತು. ಉತ್ತರ ಸಿಗದ ಪ್ರಶ್ನೆಯನ್ನು ಬದಿಗಿಟ್ಟು ಅದರ ಪಕ್ಕದಲ್ಲಿದ್ದ, ಉತ್ತರ ಸಿಗಬಹುದಾದ ಪ್ರಶ್ನೆಯನ್ನು ಹಿಡಿದದ್ದೇ ಅವನ ಜಾಣ್ಮೆ ಎಂದು ನನ್ನ ಅಭಿಪ್ರಾಯ. ಎಷ್ಟು ಹರಡಿತು ಎಂಬ ಈ ಪ್ರಶ್ನೆ ಮುಂದಿನ ಇನ್ನೂರೈವತ್ತು ವರ್ಷ ಬೆಳಕಿನ ವಿದ್ಯೆಯ ಬೆನ್ನು ಬಿಡಲಿಲ್ಲ.

ಉದ್ದಕ್ಕೆ ಬೇರೆ ಕಾರಣಗಳಿರಬಹುದೇ ಎಂದು ಅವನು ಒಂದೊಂದಾಗಿ ನೋಡಿದ. ಗಾಜಿನ ದಪ್ಪ ಬದಲಿಸಿದ, ತೂತಿನ ಅಳತೆ ಬದಲಿಸಿದ, ಪಟ್ಟಕವನ್ನು ಕಿಟಕಿಯ ಹೊರಗಿಟ್ಟ. ಓರೆಯಾಗಿ ಹೊಡೆದ ಚೆಂಡು ಗಾಳಿಯಲ್ಲಿ ಬಾಗಿ ಹೋಗುವಂತೆ ಬೆಳಕೂ ಪಟ್ಟಕ ದಾಟಿದ ಮೇಲೆ ಬಾಗಿ ಸಾಗುತ್ತದೋ ಎಂಬ ಅನುಮಾನವನ್ನೂ ಪರೀಕ್ಷಿಸಿ ಬಿಟ್ಟ. ಕೊನೆಗೆ ಅವನೇ ನಿರ್ಣಾಯಕವೆಂದು ಕರೆದ ಪ್ರಯೋಗ. ತೂತಿರುವ ಹಲಗೆಯೊಂದನ್ನು ರೋಹಿತಕ್ಕೆ ಅಡ್ಡ ಹಿಡಿದು ಒಂದು ಬಣ್ಣವನ್ನಷ್ಟೇ ಆಚೆ ಬಿಟ್ಟು, ಅದನ್ನು ಎರಡನೆಯ ಪಟ್ಟಕದ ಮೂಲಕ ಹಾಯಿಸಿದ. ಮೊದಲ ಪಟ್ಟಕದಲ್ಲಿ ಕಡಿಮೆ ಬಾಗಿದ ಕೆಂಪು ಎರಡನೆಯದರಲ್ಲೂ ಕಡಿಮೆ ಬಾಗಿತು. ಹೆಚ್ಚು ಬಾಗಿದ ನೇರಳೆ ಅಲ್ಲೂ ಹೆಚ್ಚು ಬಾಗಿತು. ಕೆಂಪು ಕೆಂಪಾಗಿಯೇ ಉಳಿಯಿತು, ಅದರಿಂದ ಹೊಸ ಬಣ್ಣ ಹುಟ್ಟಲಿಲ್ಲ. ಬಣ್ಣ ಗಾಜಿನ ಕೊಡುಗೆಯಾಗಿದ್ದರೆ ಎರಡನೆಯ ಗಾಜು ಏಕೆ ಏನನ್ನೂ ಕೊಡಲಿಲ್ಲ?

ನಮ್ಮ ಕಣದಲ್ಲಿ ರಾಶಿ ತೂರುವುದನ್ನು ನೋಡಿದವರಿಗೆ ಇದು ಬೇಗ ತಿಳಿಯುತ್ತದೆ. ತೂರುವವನು ಎತ್ತರದಲ್ಲಿ ನಿಂತು ಮೊರ ಬಗ್ಗಿಸುತ್ತಾನೆ. ಗಾಳಿ ಒಂದೇ. ಗಟ್ಟಿಕಾಳು ಕಾಲಬುಡದಲ್ಲಿ, ಜೊಳ್ಳು ಅದರಾಚೆ, ಹೊಟ್ಟು ಇನ್ನೂ ಆಚೆ ಬೀಳುತ್ತದೆ. ಗಾಳಿ ಕಾಳನ್ನೂ ಹುಟ್ಟಿಸಲಿಲ್ಲ, ಹೊಟ್ಟನ್ನೂ ಹುಟ್ಟಿಸಲಿಲ್ಲ, ಬೆರೆತದ್ದನ್ನು ಬೇರೆ ಮಾಡಿತು. ಹೊಟ್ಟನ್ನೇ ಆರಿಸಿ ಮತ್ತೊಮ್ಮೆ ತೂರಿದರೆ ಅದು ಮತ್ತೆ ದೂರಕ್ಕೇ ಹೋಗಿ ಬೀಳುತ್ತದೆ. ನ್ಯೂಟನ್ನನ ಎರಡನೆಯ ಪಟ್ಟಕ ಮಾಡಿದ್ದು ಇಷ್ಟನ್ನೇ. ಈ ಹೋಲಿಕೆ ಎಲ್ಲಿಯವರೆಗೆ ಸಾಗುತ್ತದೆ, ಎಲ್ಲಿ ಮುಗ್ಗರಿಸುತ್ತದೆ ಎಂಬುದನ್ನು ಆಮೇಲೆ ಹೇಳುತ್ತೇನೆ.

ಪತ್ರ ಅಚ್ಚಾದದ್ದೇ ತಡ, ತಕರಾರುಗಳು ಬಂದವು. ಬಣ್ಣ ಬೆಳಕಿನ ವಿಕಾರವೆಂದೇ ನಂಬಿದ್ದ ರಾಬರ್ಟ್ ಹುಕ್ ಪ್ರಯೋಗವನ್ನು ಒಪ್ಪಿ ತೀರ್ಮಾನವನ್ನು ಒಪ್ಪಲಿಲ್ಲ. ಲೀಜ್ ನಗರದ ಜೆಸ್ಯೂಟ್ ಪಾದ್ರಿಯೊಬ್ಬರು ತಮಗೆ ಉದ್ದನೆಯ ರೋಹಿತ ಬೀಳುವುದೇ ಇಲ್ಲ ಎಂದರು. ವರ್ಷಗಟ್ಟಲೆ ನಡೆದ ವಾದದಿಂದ ರೋಸಿಹೋದ ನ್ಯೂಟನ್ ಬೆಳಕಿನ ಬಗೆಗಿನ ತನ್ನ ದೊಡ್ಡ ಗ್ರಂಥ ‘ಆಪ್ಟಿಕ್ಸ್’ ಅನ್ನು ಪ್ರಕಟಿಸಿದ್ದು 1704ರಲ್ಲಿ, ಹುಕ್ ತೀರಿಕೊಂಡ ಮರುವರ್ಷ.

ಬಣ್ಣಗಳು ಏಳು ಎಂಬ ಲೆಕ್ಕವೂ ಅವನದೇ. ಮೊದಲು ಅವನು ಐದೇ ಮುಖ್ಯ ಬಣ್ಣಗಳನ್ನು ಹೆಸರಿಸಿದ್ದ. ಕಿತ್ತಳೆಯನ್ನೂ ಊದಾವನ್ನೂ ಆಮೇಲೆ ಸೇರಿಸಿದ, ಸಂಗೀತದ ಏಳು ಸ್ವರಗಳಿಗೆ ಸರಿಹೊಂದಲೆಂದು. ರೋಹಿತದಲ್ಲಿ ಗಡಿಗಳಿಲ್ಲ, ಕೆಂಪು ಎಲ್ಲಿ ಮುಗಿದು ಕಿತ್ತಳೆ ಎಲ್ಲಿ ಶುರುವಾಯಿತೆಂದು ಯಾರೂ ಬೆರಳಿಟ್ಟು ತೋರಿಸಲಾರರು. ನೀಲಿಗೂ ನೇರಳೆಗೂ ನಡುವೆ ಊದಾ ಎಂಬ ಪ್ರತ್ಯೇಕ ಬಣ್ಣ ಕಾಣದೆ ಪರೀಕ್ಷೆಗಾಗಿ ಬಾಯಿಪಾಠ ಮಾಡಿದ ಮಕ್ಕಳ ಕಣ್ಣಿನಲ್ಲಿ ದೋಷವೇನೂ ಇಲ್ಲ.

ಇನ್ನು, ಗಾಜು ಹೀಗೇಕೆ ಮಾಡುತ್ತದೆ? ನ್ಯೂಟನ್ ಬೆಳಕನ್ನು ಕಣಗಳೆಂದು ಎಣಿಸಿದ್ದ. ಥಾಮಸ್ ಯಂಗ್ 1801ರಿಂದಾಚೆ ಅದು ಅಲೆಯೆಂದು ತೋರಿಸಿ, ಬಣ್ಣಬಣ್ಣಕ್ಕೂ ತರಂಗದೂರವನ್ನು ಲೆಕ್ಕ ಹಾಕಿದ. ಕೆಂಪಿನ ಅಲೆ ಉದ್ದ, ಸುಮಾರು 700 ನ್ಯಾನೋಮೀಟರ್. ನೇರಳೆಯದು ಗಿಡ್ಡ, ಸುಮಾರು 400. ಬರಿಯ ಆಕಾಶದಲ್ಲಿ ಎರಡೂ ಒಂದೇ ವೇಗದಲ್ಲಿ, ಸೆಕೆಂಡಿಗೆ ಸುಮಾರು ಮೂರು ಲಕ್ಷ ಕಿಲೋಮೀಟರ್ ಸಾಗುತ್ತವೆ. ಸಾಮಾನ್ಯ ಕ್ರೌನ್ ಗಾಜಿನೊಳಗೆ ಕೆಂಪು ಸೆಕೆಂಡಿಗೆ 1,98,000 ಕಿಲೋಮೀಟರ್‌ನಷ್ಟು ಓಡಿದರೆ ನೇರಳೆ 1,96,000 ಮಾತ್ರ. ವಕ್ರೀಭವನ ಸೂಚ್ಯಂಕದಲ್ಲಿ ಹೇಳುವುದಾದರೆ ಕೆಂಪಿಗೆ 1.514, ನೇರಳೆಗೆ 1.530. ನೂರಕ್ಕೆ ಒಂದರಷ್ಟು ವ್ಯತ್ಯಾಸ. ರೋಹಿತದ ಇಡೀ ವೈಭವ ನಿಂತಿರುವುದು ಈ ನೂರಕ್ಕೊಂದರ ಮೇಲೆ.

ಕಾರಣ ಗಾಜಿನ ಎಲೆಕ್ಟ್ರಾನುಗಳಲ್ಲಿದೆ. ಪ್ರತಿ ಉಯ್ಯಾಲೆಗೂ ಅದರದೇ ಆದ ಲಯವಿರುತ್ತದೆ. ಆ ಲಯಕ್ಕೆ ಹತ್ತಿರವಾಗಿ ತೂಗಿದರೆ ಅದು ಹೆಚ್ಚು ಆಡುತ್ತದೆ, ದೂರವಾಗಿ ತೂಗಿದರೆ ಕಡಿಮೆ. ಗಾಜಿನೊಳಗಿನ ಎಲೆಕ್ಟ್ರಾನುಗಳ ಸಹಜ ಲಯ ನೇರಳೆಯಾಚೆಯ, ಕಣ್ಣಿಗೆ ಕಾಣದ ಅತಿನೇರಳೆಯಲ್ಲಿದೆ. ನೇರಳೆ ಬೆಳಕು ಆ ಲಯಕ್ಕೆ ಕೆಂಪಿಗಿಂತ ಹತ್ತಿರ. ಆದ್ದರಿಂದ ಅದು ಎಲೆಕ್ಟ್ರಾನುಗಳನ್ನು ಹೆಚ್ಚು ಅಲುಗಿಸುತ್ತದೆ. ಅಲುಗಿದ ಎಲೆಕ್ಟ್ರಾನುಗಳೂ ಅದೇ ಬಣ್ಣದ ಕಿರು ಅಲೆಗಳನ್ನು ಹೊರಡಿಸುತ್ತವೆ, ಅವು ಮೂಲ ಅಲೆಯೊಡನೆ ಸೇರಿ ಅದರ ನಡೆಯನ್ನು ಹಿಂದಕ್ಕೆಳೆಯುತ್ತವೆ. ಹೆಚ್ಚು ಅಲುಗಾಟ, ಹೆಚ್ಚು ತಡ, ಹೆಚ್ಚು ಬಾಗು.

ಹಾಗಿದ್ದರೆ ಎಲೆಕ್ಟ್ರಾನುಗಳ ಲಯ ಕಣ್ಣಿಗೆ ಕಾಣುವ ಬಣ್ಣಗಳ ನಡುವೆಯೇ ಬಿದ್ದರೆ ಏನಾಗಬೇಕು? 1870ರಲ್ಲಿ ಡೆನ್ಮಾರ್ಕಿನ ಕ್ರಿಸ್ಟಿಯಾನ್‌ಸೆನ್ ಫುಕ್ಸಿನ್ ಎಂಬ ಗಾಢ ಬಣ್ಣದ ದ್ರಾವಣವನ್ನು ಟೊಳ್ಳು ಪಟ್ಟಕದಲ್ಲಿ ತುಂಬಿ ನೋಡಿದ. ಹಸಿರನ್ನು ಆ ದ್ರಾವಣ ನುಂಗಿಬಿಡುತ್ತದೆ. ಉಳಿದ ಬಣ್ಣಗಳ ಸರದಿ ಕೆಟ್ಟಿತ್ತು, ನೇರಳೆಗಿಂತ ಕೆಂಪೇ ಹೆಚ್ಚು ಬಾಗಿತ್ತು. ಕೆಂಪು ಒಂದು ತುದಿ, ನೇರಳೆ ಇನ್ನೊಂದು ತುದಿ ಎಂಬ ಕ್ರಮ ಸೃಷ್ಟಿಯ ಕಟ್ಟಳೆಯಲ್ಲ, ಗಾಜು ಮತ್ತು ನೀರಿನಂಥ ಸಾಧು ವಸ್ತುಗಳ ಸ್ವಭಾವ.

ನೀರಿನ ಮಾತು ಬಂದದ್ದರಿಂದ ಕಾಮನಬಿಲ್ಲನ್ನು ಬೇಗ ಮುಗಿಸುತ್ತೇನೆ. ಹನಿಯನ್ನು ಹೊಕ್ಕ ಕಿರಣ ಬಾಗಿ, ಒಳಬೆನ್ನಿನಲ್ಲಿ ಒಮ್ಮೆ ಪ್ರತಿಫಲಿಸಿ, ಮತ್ತೆ ಬಾಗಿ ಹೊರಬರುತ್ತದೆ. ಸೂರ್ಯನಿಗೆ ಬೆನ್ನು ಮಾಡಿ ನಿಂತವರಿಗೆ ಕೆಂಪು ಸುಮಾರು 42 ಡಿಗ್ರಿಯಲ್ಲಿ, ನೇರಳೆ ಅದಕ್ಕಿಂತ ಎರಡು ಡಿಗ್ರಿಯಷ್ಟು ಒಳಗೆ ಕಾಣುತ್ತದೆ. ಸೂರ್ಯ 42 ಡಿಗ್ರಿಗಿಂತ ಮೇಲೇರಿದರೆ ಬಿಲ್ಲು ದಿಗಂತದ ಕೆಳಗೆ ಇಳಿದುಬಿಡುತ್ತದೆ. ಬಯಲುನಾಡಿನಲ್ಲಿ ನಡುಹಗಲು ಕಾಮನಬಿಲ್ಲು ಮೂಡದಿರುವುದು ಇದಕ್ಕೇ. ಜೋಗದಂಥ ಕಡೆ ಮೇಲೆ ನಿಂತು ಕಣಿವೆಯ ತುಂತುರನ್ನು ನೋಡುವವರಿಗೆ ಈ ನಿರ್ಬಂಧವಿಲ್ಲ. ಮಳೆಯಲ್ಲಿ ನೆನೆದ ಡಾಂಬರು ರಸ್ತೆಯ ಮೇಲೆ ಪೆಟ್ರೋಲ್ ಹನಿ ಹರಡಿದಾಗ ಕಾಣುವ ಬಣ್ಣಗಳನ್ನೂ ಕೆಲವರು ಇದೇ ಲೆಕ್ಕಕ್ಕೆ ಸೇರಿಸುತ್ತಾರೆ. ಅದು ತಪ್ಪು. ಅಲ್ಲಿ ತೆಳುಪೊರೆಯ ಮೇಲ್ಮೈ ಕೆಳಮೈಗಳಿಂದ ಮರಳಿದ ಅಲೆಗಳು ಒಂದನ್ನೊಂದು ಕೂಡುತ್ತವೆ, ಕಳೆಯುತ್ತವೆ. ಬಣ್ಣ ಕಂಡಲ್ಲೆಲ್ಲ ಪಟ್ಟಕವನ್ನು ಹುಡುಕಬಾರದು.

ಮನೆಯಲ್ಲೇ ಮಾಡಬಹುದಾದ ಪ್ರಯೋಗವೊಂದು ಮುಂದಿನ ಮಾತಿಗೆ ಬೇಕು. ಬೆಳಗಿನ ಎಳೆಬಿಸಿಲು ಬೀಳುವ ಕಡೆ ಅಗಲ ಬೋಗುಣಿಯಲ್ಲಿ ನೀರಿಟ್ಟು, ಮುಖ ನೋಡುವ ಕನ್ನಡಿಯನ್ನು ಅದರೊಳಗೆ ಓರೆಯಾಗಿ ಆನಿಸಿ. ಕನ್ನಡಿಗೂ ನೀರಿನ ಮೇಲ್ಮೈಗೂ ನಡುವಿನ ನೀರು ಬೆಣೆಯಂತೆ ನಿಂತು ಪಟ್ಟಕವಾಗುತ್ತದೆ. ಅಲೆ ಅಡಗಿದ ಮೇಲೆ ಎದುರಿನ ಗೋಡೆಯನ್ನು ನೋಡಿ. ಗೋಡೆ ಹತ್ತಿರವಿದ್ದರೆ ನಡುವೆ ಬಿಳಿ, ಒಂದು ಅಂಚಿಗೆ ಕೆಂಪು ಹಳದಿ, ಇನ್ನೊಂದು ಅಂಚಿಗೆ ನೀಲಿ ನೇರಳೆ. ಹಸಿರು ಕಾಣದು. ಜರ್ಮನಿಯ ಮಹಾಕವಿ ಗಯಟೆ ನ್ಯೂಟನ್ನನ ಮೇಲೆ ಮುನಿದದ್ದು ಇಂಥದನ್ನೇ ಕಂಡು. ಪಟ್ಟಕವನ್ನು ಕಣ್ಣಿಗೆ ಹಿಡಿದು ಬಿಳಿಗೋಡೆ ನೋಡಿದರೆ ಗೋಡೆ ಬಿಳಿಯಾಗಿಯೇ ಇತ್ತು, ಬೆಳಕು ಕತ್ತಲೆ ಸೇರುವ ಅಂಚಿನಲ್ಲಷ್ಟೇ ಬಣ್ಣ. 1810ರ ತನ್ನ ವರ್ಣಸಿದ್ಧಾಂತದ ಗ್ರಂಥದಲ್ಲಿ ಅವನು ಹಳೆಯ ಬೆಳಕು-ಕತ್ತಲೆಯ ವಾದವನ್ನೇ ಹೊಸ ಸೊಗಸಿನಿಂದ ಎತ್ತಿಹಿಡಿದ. ಕವಿಯ ಕಣ್ಣು ಸರಿಯಾಗಿಯೇ ನೋಡಿತ್ತು, ಎಡವಿದ್ದು ವಿವರಣೆ. ಬಿಳಿಗೋಡೆಯ ಪ್ರತಿ ಬಿಂದುವೂ ತನ್ನದೊಂದು ರೋಹಿತವನ್ನು ಚೆಲ್ಲುತ್ತದೆ. ಪಕ್ಕಪಕ್ಕದವು ಒಂದರ ಮೇಲೊಂದು ಬಿದ್ದು ಮತ್ತೆ ಬಿಳಿಯಾಗುತ್ತವೆ. ಮೇಲೆ ಬೀಳಲು ನೆರೆಯಿಲ್ಲದ ಅಂಚಿನಲ್ಲಿ ಮಾತ್ರ ಬಣ್ಣ ಉಳಿಯುತ್ತದೆ. ಈಗ ಕನ್ನಡಿಗೆ ಕಪ್ಪು ಕಾಗದ ಹಚ್ಚಿ, ನಡುವೆ ಕಿರಿದಾದ ಒಂದು ಸೀಳನ್ನಷ್ಟೇ ಬಿಟ್ಟು ಮತ್ತೆ ನೀರಿಗಿಡಿ. ಬೆಳಕು ಕಡಿಮೆಯಾಗುತ್ತದೆ, ಆದರೆ ನಡುವಿನ ಬಿಳಿ ಹೋಗಿ ಹಸಿರು ಮೂಡುತ್ತದೆ.

ಬೇರ್ಪಡುವುದು ಎಂಬುದು ಹೀಗೆ ಆಯಿತು ಅಥವಾ ಆಗಲಿಲ್ಲ ಎಂದು ಹೇಳುವ ವಿಷಯವಲ್ಲ, ಎಷ್ಟರಮಟ್ಟಿಗೆ ಆಯಿತು ಎಂಬ ವಿಷಯ. ಇದನ್ನು ಹತ್ತೊಂಬತ್ತನೆಯ ಶತಮಾನ ಮೆಲ್ಲಮೆಲ್ಲನೆ ಕಲಿಯಿತು. 1802ರಲ್ಲಿ ಇಂಗ್ಲೆಂಡಿನ ವುಲಾಸ್ಟನ್ ದುಂಡು ತೂತಿನ ಬದಲು ಅಂಗುಲದ ಇಪ್ಪತ್ತನೆಯ ಒಂದು ಪಾಲು ಅಗಲದ ಸೀಳನ್ನು ಬಳಸಿದಾಗ ಸೂರ್ಯನ ರೋಹಿತದಲ್ಲಿ ಕಪ್ಪು ಗೆರೆಗಳು ಕಂಡವು. ಅವು ಬಣ್ಣಬಣ್ಣಗಳ ನಡುವಿನ ಸರಹದ್ದು ಎಂದುಕೊಂಡು ಅವನು ಸುಮ್ಮನಾದ. ಬಣ್ಣಗಳಿಗೆ ಗಡಿ ಇರಲೇಬೇಕೆಂಬ ನಂಬಿಕೆ ಒಬ್ಬ ಒಳ್ಳೆಯ ವಿಜ್ಞಾನಿಯ ಕೈಯಿಂದ ದೊಡ್ಡ ಶೋಧವೊಂದನ್ನು ಕಸಿಯಿತು.

ಅದನ್ನು ಎತ್ತಿಕೊಂಡವನು ಯೋಸೆಫ್ ಫ್ರೌನ್‌ಹೋಫರ್. ಚಿಕ್ಕಂದಿನಲ್ಲೇ ತಂದೆತಾಯಿ ಕಳೆದುಕೊಂಡು ಮ್ಯೂನಿಕ್‌ನಲ್ಲಿ ಕನ್ನಡಿ ಮಾಡುವವನ ಬಳಿ ಕೆಲಸ ಕಲಿಯಲು ಸೇರಿದ ಹುಡುಗ. 1801ರಲ್ಲಿ ಆ ಮನೆ ಕುಸಿದು ಅವಶೇಷದಡಿ ಸಿಕ್ಕಿಕೊಂಡಾಗ ಅವನಿಗೆ ಹದಿನಾಲ್ಕು ವರ್ಷ, ಬದುಕಿ ಹೊರಬಂದ. ಅವನ ಉದ್ದೇಶ ಸೂರ್ಯನನ್ನು ಅರಿಯುವುದಾಗಿರಲಿಲ್ಲ, ಒಳ್ಳೆಯ ಮಸೂರ ಮಾಡುವುದಾಗಿತ್ತು. ಇಲ್ಲಿ ನ್ಯೂಟನ್ನನ ಒಂದು ತಪ್ಪನ್ನು ಹೇಳಬೇಕು. ಯಾವ ಗಾಜೇ ಆದರೂ ಬಾಗಿಸಿದಷ್ಟೇ ಪ್ರಮಾಣದಲ್ಲಿ ಬಣ್ಣವನ್ನೂ ಹರಡುತ್ತದೆ, ಆದ್ದರಿಂದ ಬಣ್ಣದಂಚಿಲ್ಲದ ಮಸೂರ ಆಗದು ಎಂದು ಅವನು ತೀರ್ಮಾನಿಸಿ ಕನ್ನಡಿಯ ದೂರದರ್ಶಕಕ್ಕೆ ತಿರುಗಿದ್ದ. ಕ್ರೌನ್ ಮತ್ತು ಫ್ಲಿಂಟ್ ಎಂಬ ಎರಡು ಬಗೆಯ ಗಾಜು ಬಣ್ಣ ಹರಡುವುದರಲ್ಲಿ ಬೇರೆ ಬೇರೆ ಎಂದು ಕಂಡು, ಎರಡನ್ನೂ ಜೋಡಿಸಿ ಡಾಲಂಡ್ 1758ರಲ್ಲಿ ಅದು ಸುಳ್ಳೆಂದು ತೋರಿಸಿದ. ಆದರೆ ಒಳ್ಳೆಯ ಜೋಡಿ ಮಾಡಲು ಒಂದೊಂದು ಬಣ್ಣಕ್ಕೂ ಗಾಜಿನ ಸೂಚ್ಯಂಕ ಖಚಿತವಾಗಿ ಗೊತ್ತಿರಬೇಕು. ಗಡಿಯೇ ಇಲ್ಲದ ಪಟ್ಟಿಯಲ್ಲಿ ಕೆಂಪಿನ ಯಾವ ಜಾಗಕ್ಕೆ ಗುರುತು ಹಾಕುವುದು? ದೀಪದ ಜ್ವಾಲೆಯಲ್ಲಿ ಕಾಣುವ ಪ್ರಕಾಶದ ಹಳದಿ ಗೆರೆಯಂಥದು ಬಿಸಿಲಿನಲ್ಲೂ ಇದೆಯೇ ಎಂದು 1814ರಲ್ಲಿ ಹುಡುಕಿದಾಗ ಅವನಿಗೆ ಸಿಕ್ಕಿದ್ದು ಕಪ್ಪು ಗೆರೆಗಳು, ಎಣಿಸಿದರೆ 574. ಮುಖ್ಯವಾದವಕ್ಕೆ ಎ, ಬಿ, ಸಿ, ಡಿ ಎಂದು ಅಕ್ಷರಗಳನ್ನು ಕೊಟ್ಟ. ಅವನಿಗೆ ಅವು ಮೈಲಿಗಲ್ಲುಗಳಂತೆ ಒದಗಿದವು. ಅವು ಏಕಿವೆ ಎಂಬುದು 1859ರಲ್ಲಿ ಹೈಡೆಲ್‌ಬರ್ಗಿನ ಕಿರ್ಕಾಫ್ ಮತ್ತು ಬುನ್ಸೆನ್ ಅವರಿಂದ ತಿಳಿಯಿತು.

ಅವರ ವಿವರಣೆಯ ಅರ್ಧ ಭಾಗ ನಮ್ಮ ಅಡುಗೆಮನೆಯಲ್ಲಿದೆ. ಉಪ್ಪು ಹಾಕಿದ ಸಾರು ಉಕ್ಕಿ ಗ್ಯಾಸ್ ಒಲೆಯ ಬರ್ನರ್ ಮೇಲೆ ಚೆಲ್ಲಿದಾಗ ನೀಲಿ ಉರಿ ಥಟ್ಟನೆ ಹಳದಿಗೆ ತಿರುಗುತ್ತದಲ್ಲ, ಅದು ಉಪ್ಪಿನ ಸೋಡಿಯಂ ಹೊರಸೂಸುವ ಬೆಳಕು. ಸೀಳಿನ ಮೂಲಕ ಪಟ್ಟಕದಲ್ಲಿ ನೋಡಿದರೆ 589 ನ್ಯಾನೋಮೀಟರ್ ಬಳಿ ಒತ್ತೊತ್ತಾಗಿ ಎರಡು ಗೆರೆಗಳು. ವಿವರಣೆಯ ಇನ್ನರ್ಧ ಹೀಗಿದೆ: ಬಿಸಿಯಾದ ಅನಿಲ ಯಾವ ಬಣ್ಣವನ್ನು ಹೊರಸೂಸುತ್ತದೋ, ತನಗಿಂತ ಬಿಸಿಯಾದ ಮೂಲದಿಂದ ಬರುವ ಬೆಳಕಿನಿಂದ ಅದೇ ಬಣ್ಣವನ್ನು ನುಂಗುತ್ತದೆ. ಡಿ ಎಂಬ ಕಪ್ಪು ಗೆರೆ ಸೂರ್ಯನ ಹೊರಪದರದ ಸೋಡಿಯಂ ನುಂಗಿದ ತುತ್ತು. ನಕ್ಷತ್ರಗಳು ಯಾವುದರಿಂದ ಆದವೆಂದು ಮನುಷ್ಯ ಎಂದೂ ತಿಳಿಯಲಾರ ಎಂದು ಫ್ರಾನ್ಸಿನ ತತ್ತ್ವಜ್ಞಾನಿ ಕೋಂತ್ ಬರೆದು ಇಪ್ಪತ್ತೈದು ವರ್ಷವೂ ಆಗಿರಲಿಲ್ಲ.

ಈ ಕಥೆ ನಮ್ಮ ನೆಲಕ್ಕೆ ಬರುವುದು 1868ರ ಆಗಸ್ಟ್ 18ರಂದು. ಅಂದಿನ ಖಗ್ರಾಸ ಸೂರ್ಯಗ್ರಹಣದ ನೆರಳು ದಖ್ಖನ್ನನ್ನು ಅಡ್ಡ ಹಾಯ್ದು ಗುಂಟೂರು, ಮಚಲಿಪಟ್ಟಣದತ್ತ ಹೋಯಿತು. ಗುಂಟೂರಿನಲ್ಲಿ ಫ್ರಾನ್ಸಿನ ಜಾನ್ಸೆನ್ ಇದ್ದರು. ಇಂದಿನ ಬಾಗಲಕೋಟೆ ಜಿಲ್ಲೆಯ ಜಮಖಂಡಿಯಲ್ಲಿ ರಾಯಲ್ ಸೊಸೈಟಿಯ ಪರವಾಗಿ ರೋಹಿತದರ್ಶಕ ಹಿಡಿದು ಕಾದವರು ಸರ್ವೆ ಇಲಾಖೆಯ ಲೆಫ್ಟಿನೆಂಟ್ ಜಾನ್ ಹರ್ಷೆಲ್. 1800ರಲ್ಲಿ ರೋಹಿತದ ಕೆಂಪಿನಾಚೆ ಉಷ್ಣಮಾಪಕ ಇಟ್ಟು ಕಣ್ಣಿಗೆ ಕಾಣದ ಅವಕೆಂಪು ಕಿರಣಗಳನ್ನು ಪತ್ತೆಹಚ್ಚಿದ ವಿಲಿಯಂ ಹರ್ಷೆಲ್ ಅವರ ಮೊಮ್ಮಗ. ಮಳೆಗಾಲದ ಮೋಡ ಅವರನ್ನು ಬಹಳ ಕಾಡಿತು. ಮೋಡ ಸರಿದ ಅಷ್ಟು ಹೊತ್ತಿನಲ್ಲಿ ಚಂದ್ರನ ಅಂಚಿನಾಚೆ ಚಾಚಿದ್ದ ಸೌರಜ್ವಾಲೆಯ ಮೇಲೆ ಉಪಕರಣವನ್ನು ತಿರುಗಿಸಿದಾಗ ಕಂಡದ್ದು ಮೂರು ಪ್ರಕಾಶದ ಗೆರೆಗಳು: ಕೆಂಪು, ಕಿತ್ತಳೆ, ನೀಲಿ. ಜ್ವಾಲೆ ಕಾದ ಅನಿಲವೆಂಬುದು ಅಲ್ಲಿಗೆ ಖಚಿತವಾಯಿತು.

ಆ ಕಿತ್ತಳೆ ಗೆರೆಯ ಮೇಲೆ ಸ್ವಲ್ಪ ಕಣ್ಣಿಡಿ. ತಮ್ಮ ಉಪಕರಣದ ಶಕ್ತಿಗೆ ಎಟುಕುವ ಮಟ್ಟಿಗೆ ಅದು ಡಿ ಗೆರೆಯೇ ಎಂದು ಹರ್ಷೆಲ್ ವರದಿ ಮಾಡಿದರು. ಅಂದರೆ ಸೋಡಿಯಂ. ಎರಡು ತಿಂಗಳ ನಂತರ ಲಂಡನ್ನಿನಲ್ಲಿ ನಾರ್ಮನ್ ಲಾಕ್ಯರ್ ಗ್ರಹಣವಿಲ್ಲದ ಸೂರ್ಯನಲ್ಲೇ ಆ ಗೆರೆಯನ್ನು ನೋಡಿ ಅದು ಡಿ ಅಲ್ಲ, ಅದರ ಪಕ್ಕದ್ದು ಎಂದು ಕಂಡುಕೊಂಡರು. ಅದರ ಜಾಗ 587.6 ನ್ಯಾನೋಮೀಟರ್. ಸೋಡಿಯಂನದು 589.0 ಮತ್ತು 589.6. ಒಂದೂವರೆ ನ್ಯಾನೋಮೀಟರ್ ಅಂತರದಲ್ಲಿ ಇದ್ದದ್ದು ಭೂಮಿಯ ಮೇಲೆ ಆವರೆಗೆ ಯಾರೂ ಕಾಣದ ಧಾತು, ಹೀಲಿಯಂ. ರ‍್ಯಾಮ್ಸೆ ಅದನ್ನು ಖನಿಜವೊಂದರಿಂದ ಹೊರತೆಗೆದದ್ದು 1895ರಲ್ಲಿ. ಜಮಖಂಡಿಯಲ್ಲಿ ಹೀಲಿಯಂ ಕಣ್ಣಿಗೆ ಬಿದ್ದಿತ್ತು, ಆದರೆ ರೋಹಿತ ಸಾಕಷ್ಟು ಹರಡಿರಲಿಲ್ಲ. ಇದನ್ನು ಹರ್ಷೆಲ್ಲರ ಸೋಲೆಂದು ನಾನು ಹೇಳಲಾರೆ. ಉಪಕರಣ ಎಷ್ಟನ್ನು ಹೇಳಬಲ್ಲದೋ ಅಷ್ಟನ್ನೇ ಹೇಳಿ, ಅದರ ಮಿತಿಯನ್ನೂ ಜೊತೆಗೇ ಬರೆದಿಟ್ಟ ವರದಿ ಅದು.

ಈಗ ಕಣದ ಹೋಲಿಕೆಗೆ ಮರಳೋಣ. ಕಾಳು ಹೊಟ್ಟು ಬೆರೆತಿರುವಂತೆ ಬಿಳಿಯಲ್ಲಿ ಬಣ್ಣಗಳು ನಿಜವಾಗಿ ಬೆರೆತಿವೆಯೇ? 1880ರ ದಶಕದಲ್ಲಿ ಫ್ರಾನ್ಸಿನ ಗೂಯಿ, ಇಂಗ್ಲೆಂಡಿನ ರ‍್ಯಾಲೇ ಈ ಪ್ರಶ್ನೆಯನ್ನು ಮತ್ತೆ ಎತ್ತಿದರು. ಕಾದ ವಸ್ತುವಿನ ಬೆಳಕು ಕ್ರಮವಿಲ್ಲದ ಪುಟ್ಟ ಪುಟ್ಟ ಹೊಡೆತಗಳ ಸಂತೆಯೂ ಆಗಿರಬಹುದಲ್ಲ? ದೇವಸ್ಥಾನದ ಉದ್ದನೆಯ ಮೆಟ್ಟಿಲುಸಾಲಿನ ಎದುರು ನಿಂತು ಒಮ್ಮೆ ಚಪ್ಪಾಳೆ ತಟ್ಟಿದರೆ, ಒಂದೊಂದು ಮೆಟ್ಟಿಲಿನಿಂದಲೂ ಸಮನಾದ ಬಿಡುವಿನಲ್ಲಿ ಮರುದನಿ ಬಂದು ಒಟ್ಟಿಗೆ ಸಣ್ಣದೊಂದು ಸ್ವರದಂತೆ ಕೇಳಿಸುತ್ತದೆ. ಆ ಸ್ವರ ಚಪ್ಪಾಳೆಯಲ್ಲಿತ್ತೆ, ಮೆಟ್ಟಿಲಲ್ಲಿತ್ತೆ? ಗಣಿತದ ಕಣ್ಣಿಗೆ ಎರಡೂ ಉತ್ತರ ಸಮ; ಒಂದು ಹೊಡೆತವನ್ನು ಅನೇಕ ಸಮ ಅಲೆಗಳ ಮೊತ್ತವಾಗಿ ಬರೆಯಬಹುದು, ಮೊತ್ತವನ್ನು ಹೊಡೆತವಾಗಿಯೂ ಬರೆಯಬಹುದು. ಬಣ್ಣ ಬೆಳಕಿನಲ್ಲಿ ‘ಇತ್ತು’ ಎಂದು ಹೇಳುವಾಗ ನಾವು ಬಳಸುವ ಆ ಕ್ರಿಯಾಪದ ಕಾಳಿಗೆ ಹೊಂದುವಷ್ಟು ಬಿಗಿಯಾಗಿ ಅಲೆಗೆ ಹೊಂದುವುದಿಲ್ಲ. ಆದರೂ ನ್ಯೂಟನ್ನನ ಮಾತಿನ ತಿರುಳು ಅಲುಗುವುದಿಲ್ಲ. ಪಟ್ಟಕ ಯಾವ ಅಲೆಯ ಲಯವನ್ನೂ ಬದಲಿಸದು, ದಿಕ್ಕನ್ನಷ್ಟೇ ಬದಲಿಸುತ್ತದೆ.

ಅಲುಗಿದ್ದು ಅವನ ಇನ್ನೊಂದು ಮಾತು. ಒಮ್ಮೆ ಬೇರ್ಪಟ್ಟ ಬಣ್ಣವನ್ನು ಯಾವ ವಸ್ತುವೂ ಬದಲಿಸಲಾರದು ಎಂದು ಅವನು ಹೇಳಿದ್ದ. ಕೇಂಬ್ರಿಜ್‌ನ ಸ್ಟೋಕ್ಸ್ 1852ರಲ್ಲಿ ಕ್ವಿನೈನ್ ದ್ರಾವಣದ ಕೊಳವೆಯನ್ನು ಸೂರ್ಯನ ರೋಹಿತದ ಉದ್ದಕ್ಕೂ ಸರಿಸಿದರು. ಕೆಂಪಿನಲ್ಲಿ, ಹಳದಿಯಲ್ಲಿ, ಹಸಿರಿನಲ್ಲಿ ಏನೂ ಆಗಲಿಲ್ಲ. ನೇರಳೆಯ ಕೊನೆ ದಾಟಿ, ಏನೂ ಕಾಣದ ಕತ್ತಲೆಗೆ ಬಂದಾಗ ಕೊಳವೆ ತಿಳಿನೀಲಿಯಾಗಿ ಹೊಳೆಯಿತು. ಕಾಣದ ಬೆಳಕನ್ನು ನುಂಗಿ ಕಾಣುವ ಬೆಳಕನ್ನು ಅದು ಹೊರಗೆ ಬಿಟ್ಟಿತ್ತು.

ಎರಡನೆಯ ಪೆಟ್ಟು ಬಿದ್ದದ್ದು ಕಲ್ಕತ್ತೆಯಲ್ಲಿ. ಸಿ.ವಿ. ರಾಮನ್ ಮತ್ತು ಕೆ.ಎಸ್. ಕೃಷ್ಣನ್ ಮೊದಲು ಬಿಸಿಲನ್ನೇ ಬಳಸಿದರು. ದಾರಿಯಲ್ಲಿ ನೀಲಿ-ನೇರಳೆಯ ಗಾಜು, ಅದರಾಚೆ ಹಳದಿ-ಹಸಿರಿನ ಗಾಜು. ಒಂದು ಬಿಟ್ಟದ್ದನ್ನು ಇನ್ನೊಂದು ತಡೆಯುವುದರಿಂದ ಏನೂ ಕಾಣಬಾರದು. ಎರಡರ ನಡುವೆ ಶುದ್ಧ ದ್ರವವನ್ನಿಟ್ಟು, ಅದು ಚದುರಿಸಿದ ಬೆಳಕನ್ನು ನೋಡಿದರೆ ಮಸುಕಾಗಿ ಏನೋ ಕಂಡಿತು. 1928ರ ಫೆಬ್ರವರಿ 28ರಂದು ಬಿಸಿಲಿನ ಬದಲು ಪಾದರಸದ ದೀಪವನ್ನಿಟ್ಟು, ಕೈಯಲ್ಲಿ ಹಿಡಿಯುವ ರೋಹಿತದರ್ಶಕದಿಂದ ನೋಡಿದಾಗ ಅನುಮಾನ ಉಳಿಯಲಿಲ್ಲ. ಮಾರ್ಚ್ 16ರಂದು ಬೆಂಗಳೂರಿನಲ್ಲಿ, ದಕ್ಷಿಣ ಭಾರತ ವಿಜ್ಞಾನ ಸಂಘದ ಸಭೆಯಲ್ಲಿ, ರಾಮನ್ ಅದನ್ನು ಹೊಸ ವಿಕಿರಣವೆಂದು ಕರೆದು ವಿವರವಾಗಿ ಮಂಡಿಸಿದರು.

ಬೆಂಜೀನಿನ ಮೂಲಕ ಚದುರಿದ ಬೆಳಕಿನ ರೋಹಿತದಲ್ಲಿ ಪಾದರಸದ ನೀಲಿ ಗೆರೆ 435.8 ನ್ಯಾನೋಮೀಟರಿನಲ್ಲಿ ಎಂದಿನಂತೆ ಇರುತ್ತದೆ. ಅದರಿಂದ ಕೆಂಪಿನ ಕಡೆಗೆ ಇಪ್ಪತ್ತು ನ್ಯಾನೋಮೀಟರಿನಷ್ಟು ಸರಿದರೆ, 455.5ರ ಬಳಿ, ಮಂಕಾದ ಇನ್ನೊಂದು ಗೆರೆ. ದೀಪವನ್ನು ನೇರವಾಗಿ ನೋಡಿದರೆ ಅಲ್ಲಿ ಅದಿಲ್ಲ. ಬೆಂಜೀನನ್ನು ತೆಗೆದು ಬೇರೆ ದ್ರವವಿಟ್ಟರೆ ಗೆರೆಯ ಜಾಗ ಬದಲಾಗುತ್ತದೆ. ಮೂಲ ಗೆರೆಗೂ ಇದಕ್ಕೂ ನಡುವೆ ಇರುವ ಲಯದ ಅಂತರ ಬೆಂಜೀನ್ ಅಣುವಿನ ಉಂಗುರ ಹಿಗ್ಗಿ ಕುಗ್ಗುವ ಲಯಕ್ಕೆ ಸರಿಯಾಗಿ ಹೊಂದುತ್ತದೆ. ಈ ಒಂದು ಗೆರೆಯ ಮಟ್ಟಿಗಾದರೂ, ಬಣ್ಣ ಎಲ್ಲಿತ್ತು ಎಂದು ಕೇಳಿದರೆ ಬೆಳಕಿನ ಜೊತೆಗೆ ದ್ರವದ ಕಡೆಗೂ ಕೈ ತೋರಿಸಬೇಕಾಗುತ್ತದೆ.